ಹಿಂದಿನ ಕಿಟಕಿಯ ವಯಲೆಟ್

ನಮ್ಮ ಬೀದಿಯಲ್ಲಿ ಮನೆ ನಂಬರು ಕೇಳಿದರೆ ಜನ ನಗುತ್ತಾರೆ. ನಂಬರು ಬರೆಸಿ ಏನು ಮಾಡುವುದು? ಪ್ರತಿ ವರ್ಷ ಯುಗಾದಿಯ ಮಾರನೆಯ ಬೆಳಗ್ಗೆ ಮನೆಗಳು ಜಾಗ ಬದಲಾಯಿಸುತ್ತವೆ. ಮನೆಯ ವಯಲೆಟ್ ಗಿಡ ಹೂ ಬಿಟ್ಟಿದ್ದರೆ ಮನೆ ಒಂದು ಜಾಗ ಮೇಲಕ್ಕೆ ಹತ್ತುತ್ತದೆ, ಬಿಡದಿದ್ದರೆ ಒಂದು ಜಾಗ ಕೆಳಕ್ಕೆ ಜಾರುತ್ತದೆ. ಆ ದಿನಕ್ಕೆ ಜಾರುದಿನ ಅನ್ನುತ್ತೇವೆ. ಪೋಸ್ಟಿನವನು ಹೆಸರು ಕೂಗಿಕೊಂಡೇ ಬೀದಿ ಹತ್ತುತ್ತಾನೆ. ಕಬ್ಬಿಣದ ಪೈಪು ಹಾಕಿಸಿದವರು ಯಾರೂ ಇಲ್ಲ, ಎಲ್ಲರ ನಲ್ಲಿಗೂ ರಬ್ಬರು ಪೈಪೇ. ಜಾರುದಿನಕ್ಕೆ ಮುಂಚೆ ಗಾಜಿನ ಸಾಮಾನನ್ನೆಲ್ಲ ಹಾಸಿಗೆಯಲ್ಲಿ ಸುತ್ತಿಡುತ್ತೇವೆ. ಹೆಣ್ಣು ಕೊಡುವವರು ಹುಡುಗನ ಮನೆ ಹೋದ ವರ್ಷ ಎಲ್ಲಿತ್ತು, ಈ ವರ್ಷ ಎಲ್ಲಿದೆ ಎಂದು ವಿಚಾರಿಸಿಯೇ ಮುಂದಿನ ಮಾತಾಡುತ್ತಾರೆ.

ಬೀದಿಯೆಲ್ಲ ಇಳಿಜಾರು. ಮನೆಗಳು ಒಂದೇ ಸಾಲಾಗಿ ಪಡುವಣಕ್ಕೆ ಮುಖ ಮಾಡಿ ನಿಂತಿವೆ, ಎದುರಿಗೆ ಬರೀ ಬಂಡೆ. ಮೇಲ್ತುದಿಯಲ್ಲಿ ಒಂದು ದೊಡ್ಡ ಹೊಂಗೆ ಮರವಿದೆ. ಅದರ ಕೆಳಗೆ ಇಂದುಮತಿಯಮ್ಮನವರ ಮನೆ, ನಾನು ಮದುವೆಯಾಗಿ ಬಂದಾಗಿನಿಂದಲೂ ಅಲ್ಲೇ. ಸಾಲು ಅಲ್ಲಿಗೆ ಮುಗಿಯುವುದರಿಂದ ಹೂ ಬಿಟ್ಟರೂ ಆ ಮನೆ ಮುಂದಕ್ಕೆ ಹತ್ತುವುದಿಲ್ಲ. ಕೆಳತುದಿಯಲ್ಲಿ ಹಳೆಯ ಕಲ್ಲು ಕ್ವಾರಿ. ಕಲ್ಲು ತೆಗೆಯುವುದು ನಿಂತು ಎಷ್ಟೋ ಕಾಲವಾಯಿತು, ಈಗ ಅದರ ತುಂಬ ಹಸಿರು ನೀರು. ಸಾಲಿನ ಕೊನೆಯ ಮನೆಗೆ ಹೂವಿಲ್ಲದಿದ್ದರೆ ಅದು ಜಾರುವುದು ಅಲ್ಲಿಗೇ.

ಬ್ಲೌಸು ಹೊಲಿಯುವ ಕಸ್ತೂರಿಯ ಮನೆ ನಮ್ಮ ಕೆಳಗಿತ್ತು. ಹೋದ ವರ್ಷದ ಜಾರುದಿನ ಅದು ನೀರಿಗೆ ಇಳಿಯುವಾಗ ಅವಳು ಒಂದು ಕೈಯಲ್ಲಿ ಹೊಲಿಗೆ ಮಿಷನ್ನಿನ ತಲೆ, ಇನ್ನೊಂದು ಕೈಯಲ್ಲಿ ಹೂವಿಲ್ಲದ ವಯಲೆಟ್ ಕುಂಡ ಹಿಡಿದು ರಸ್ತೆಯಲ್ಲಿ ನಿಂತಿದ್ದಳು. ಮನೆ ಹೆಚ್ಚು ಗಲಾಟೆ ಮಾಡಲಿಲ್ಲ. ಹೊಸ್ತಿಲು ಮುಳುಗಿತು, ಕಿಟಕಿ ಮುಳುಗಿತು, ಹಂಚಿನ ಮಾಡು ಮುಳುಗಿತು. ಆಗ ಇಂದುಮತಿಯಮ್ಮ ಬಂದು ಅವಳ ಕೈಯಿಂದ ಕುಂಡ ತೆಗೆದುಕೊಂಡು ಎದುರಿನ ಬಂಡೆಗೆ ಒಡೆದರು. ಅದು ಇಲ್ಲಿನ ವಾಡಿಕೆ.

"ಮನೆ ಇಲ್ಲದವಳಿಗೆ ಗಿಡ ಯಾಕಮ್ಮ? ಇಟ್ಕೊಂಡ್ರೆ ಕೊರಗು ಜಾಸ್ತಿ ಅಷ್ಟೆ," ಎಂದು ಅವಳ ತಲೆ ಸವರಿದರು.

ಅದನ್ನು ಅವರು ಪ್ರೀತಿಯಿಂದಲೇ ಹೇಳಿದರು. ನನಗೆ ಮೈ ಉರಿದದ್ದೂ ಅದಕ್ಕೇ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನಾನು ಕಸ್ತೂರಿಯನ್ನು, ಅವಳ ಮಿಷನ್ನನ್ನು ನಮ್ಮ ಜಗಲಿಯ ಕೋಣೆಗೆ ಕರೆದುಕೊಂಡು ಬಂದೆ. ಈಗ ಸಾಲಿನ ಕೊನೆಯ ಮನೆ ನಮ್ಮದು. ಜಗಲಿಯಲ್ಲಿ ಕೂತರೆ ಕ್ವಾರಿಯ ನೀರು ಕಾಣುತ್ತದೆ, ಬೇಸಿಗೆಯಲ್ಲಿ ಅದರೊಳಗಿನ ಹಂಚೂ ಮಸುಕಾಗಿ ಕಾಣುತ್ತದೆ. ನಮಗೆ ಉಳಿದದ್ದು ಒಂದು ವರ್ಷ.

ನಮ್ಮ ಗಿಡದ ಅವಸ್ಥೆ ಹೇಳಬೇಕು. ಆಫ್ರಿಕನ್ ವಯಲೆಟ್ ಎಂದು ಹೊರಗಿನವರು ಕರೆಯುವ ಈ ಗಿಡ ಅಂಗೈಯಗಲ ಹರಡಿಕೊಂಡು ನೆಲಕ್ಕಂಟಿದಂತೆ ಕೂರುತ್ತದೆ. ಎಲೆಗೆ ಮಖಮಲ್ಲಿನಂಥ ರೋಮ. ನಮ್ಮದರ ಎಲೆಗಳ ಮೇಲೆ ಕಂದು ಮಚ್ಚೆ ಬಿದ್ದಿದ್ದವು, ದಂಟು ಮೆತ್ತಗಾಗಿ ಇಡೀ ಗಿಡ ಜೋತು ಬಿದ್ದಿತ್ತು. ಜೋತು ಬಿದ್ದದ್ದನ್ನು ಕಂಡರೆ ನನ್ನ ಯಜಮಾನರು ಫಣಿರಾಜರಿಗೆ ತಡೆಯುತ್ತಿರಲಿಲ್ಲ. ಬೆಳಗ್ಗೆ ಸ್ನಾನ ಮಾಡಿ ಒಂದು ಚೊಂಬು, ಮಧ್ಯಾಹ್ನ ಊಟವಾದ ಮೇಲೆ ಒಂದು ಲೋಟ, ಸಂಜೆ ದೀಪ ಹಚ್ಚುವಾಗ ಇನ್ನೊಂದು.

"ಎಷ್ಟು ಸಲ ಹಾಕ್ತೀರಿ? ಅದೇನು ಎಮ್ಮೇನೇ?" ಎಂದರೆ, "ಬಾಯಾರಿದೆ ಕಣೇ, ನೋಡು ಹೇಗೆ ತಲೆ ಇಳಿಬಿಟ್ಟಿದೆ," ಎನ್ನುತ್ತಿದ್ದರು. ಇಡೀ ಬೀದಿಯ ಗಂಡಸರು ಹೆಂಗಸರೆಲ್ಲ ಹೀಗೇ. ಗಿಡ ಹೆಚ್ಚು ಜೋತಷ್ಟೂ ಹೆಚ್ಚು ನೀರು.

ಇದು ಸಾಲದೆಂದು ಶುಕ್ರವಾರದ ತೀರ್ಥ ಬೇರೆ. ಇಂದುಮತಿಯಮ್ಮ ತಮ್ಮ ಅಂಗಳದ ಬಾವಿಯ ನೀರನ್ನು ಹಿತ್ತಾಳೆ ಕೊಡಪಾನದಲ್ಲಿ ತುಂಬಿಕೊಂಡು ಬೀದಿಯ ಕೆಳತುದಿಗೆ ಬರುತ್ತಿದ್ದರು. ಕೆಳಗಿನವರಿಗೆ ಮೊದಲು ಕೊಡಬೇಕು ಎನ್ನುವುದು ಅವರ ಹಿರಿಯರು ಮಾಡಿದ ಕಟ್ಟಳೆ. ಹಲ್ಲು ಜುಮ್ಮೆನ್ನುವ ಆ ತಣ್ಣೀರನ್ನು ಪ್ರತಿ ಮನೆಯ ಮುಂದಿನ ಕಿಟಕಿಯಲ್ಲಿರುವ ಕುಂಡಕ್ಕೆ, ಸರಿಯಾಗಿ ಗಿಡದ ನಡುನೆತ್ತಿಗೆ, ಧಾರಾಳವಾಗಿ ಸುರಿಯುತ್ತ ಮೇಲೆ ಹತ್ತುತ್ತಿದ್ದರು. ನಾವು ಕೈ ಮುಗಿದು ನಿಲ್ಲಬೇಕು. ಹೂ ಬರಲಿಲ್ಲವೆಂದರೆ ಅವರ ಉತ್ತರ ಒಂದೇ: "ಭಕ್ತಿ ಸಾಲದು."

ಕಸ್ತೂರಿಯ ಮನೆ ಮುಳುಗಿದ ವಾರವೇ ಅವರು ಕೊಡಪಾನ ಹಿಡಿದು ನಮ್ಮ ಕಿಟಕಿಗೆ ಬಂದರು. ಏನಾಯಿತೋ, ನಾನು ಗಿಡದ ಮೇಲೆ ಅಂಗೈ ಮುಚ್ಚಿ ಹಿಡಿದೆ. ನೀರು ನನ್ನ ಕೈ ಮೇಲೆ ಬಿದ್ದು ಬಳೆಯೊಳಗಿಂದ ಇಳಿಯಿತು.

"ನಮ್ಮ ಗಿಡಕ್ಕೆ ಬೇಡ," ಎಂದೆ.

"ಇದೇನು ವನಮಾಲಾ? ತೀರ್ಥ ತಡೆದ ಮನೆ ಈ ಬೀದೀಲಿ ಇಲ್ಲ."

"ತಗೊಂಡ ಮನೆ ಎಲ್ಲಿದೆ ಅಂತ ಕಾಣ್ತಿದೆಯಲ್ಲ," ಎಂದು ಕ್ವಾರಿಯ ಕಡೆ ಕೈ ತೋರಿಸಿದೆ.

ನಮ್ಮವರು ಗಾಬರಿಯಾಗಿ, ನನ್ನ ಕೈ ಸರಿಸಿ ಕುಂಡವನ್ನು ಮುಂದೆ ಎಳೆಯಲು ಹೋದರು. ಅವರ ಬೆರಳಿಗೆ ಗಿಡ ಸಿಕ್ಕಿತು, ಕುಂಡ ಅಲ್ಲೇ ಉಳಿಯಿತು. ಗಿಡ ಹಾಗೇ ಕಳಚಿಕೊಂಡು ಬಂದಿತ್ತು. ಬುಡವೆಲ್ಲ ಬೆಂದ ಈರುಳ್ಳಿಯ ಹಾಗೆ ಕೊಳೆತು ನಾರುತ್ತಿತ್ತು. ನಮ್ಮವರು ಅದನ್ನು ಅಂಗೈಯಲ್ಲಿಟ್ಟುಕೊಂಡು ಎಲ್ಲರೆದುರು ಅತ್ತರು. ನೋಡುತ್ತಿದ್ದವರು ನನ್ನ ಸೊಕ್ಕಿನಿಂದಲೇ ಗಿಡ ಸತ್ತಿತು ಎಂದರು. ಒಂದು ನಿಮಿಷದಲ್ಲಿ ಯಾವ ಗಿಡವೂ ಹಾಗೆ ಕೊಳೆಯುವುದಿಲ್ಲ ಎಂದು ಯೋಚಿಸುವಷ್ಟು ವ್ಯವಧಾನ ಯಾರಿಗಿತ್ತು?

ಸತ್ತ ಗಿಡದ ಅಂಚಿನಲ್ಲಿ ಎರಡು ಎಲೆ ಮಾತ್ರ ಗಟ್ಟಿಯಾಗಿದ್ದವು. ಅವನ್ನು ದಂಟು ಸಮೇತ ಕೊಯ್ದೆ. ಕಿವಿ ಮುರಿದ ಒಂದು ಟೀ ಕಪ್ಪಿತ್ತು, ತಳದಲ್ಲಿ ಸೀಳು ಬಿಟ್ಟದ್ದು. ಮರಳು, ತೆಂಗಿನ ನಾರಿನ ಪುಡಿ ಬೆರೆಸಿ ತುಂಬಿ, ಒಂದು ಎಲೆಯನ್ನು ಓರೆಯಾಗಿ ಚುಚ್ಚಿ, ಹಿಂದಿನ ಅಡಿಗೆಮನೆಯ ಮೂಡಣ ಕಿಟಕಿಯಲ್ಲಿಟ್ಟೆ. ಬೀದಿಗೆ ಆ ಕಿಟಕಿ ಕಾಣುವುದಿಲ್ಲ. "ಬದುಕಿದರೆ ಬದುಕು, ಸತ್ತರೆ ಸಾಯಿ, ನಿನಗೆ ಕೈ ಮುಗಿಯುವವರು ಇಲ್ಲಿ ಯಾರೂ ಇಲ್ಲ," ಎಂದು ಅದಕ್ಕೆ ಗಟ್ಟಿಯಾಗಿ ಹೇಳಿದೆ.

ಇನ್ನೊಂದು ಎಲೆಯನ್ನು ಕಸ್ತೂರಿ ಎತ್ತಿಕೊಂಡಳು. ದಾರದುಂಡೆ ಇಡುವ ತಗಡಿನ ಡಬ್ಬಿಗೆ ಮೊಳೆಯಿಂದ ತೂತು ಹೊಡೆದು ಅದರಲ್ಲಿ ನೆಟ್ಟಳು.

"ನಿಂಗ್ಯಾಕೇ? ಯಾವ ಮನೆ ಮೇಲೆ ಹತ್ತಬೇಕು?" ಎಂದೆ.

"ಹತ್ತೋದೇನೂ ಬೇಡ ಮಾಲಕ್ಕ. ಅವತ್ತು ಬಂಡೆಗೆ ಕುಂಡ ಒಡೆದ್ರಲ್ಲ, ಆ ಸದ್ದು ಕಿವಿಯಿಂದ ಹೋಗ್ತಿಲ್ಲ. ಅದಕ್ಕೇ," ಎಂದಳು. ಡಬ್ಬಿಯನ್ನು ನನ್ನ ಕಪ್ಪಿನ ಪಕ್ಕಕ್ಕೆ ಇಟ್ಟಳು.

ಮುಂದಿನ ಕಿಟಕಿಯಲ್ಲಿ ಈಗ ಉಳಿದದ್ದು ಬರೀ ಮಣ್ಣು ತುಂಬಿದ ಕುಂಡ. ನಮ್ಮವರು ಅದಕ್ಕೇ ದಿನಾ ಮೂರು ಹೊತ್ತು ನೀರು ಹಾಕುತ್ತಿದ್ದರು. ದುಃಖಕ್ಕೆ ತಲೆ ಸರಿಯಿಲ್ಲ, ತಾನಾಗಿ ಸರಿಹೋಗಲಿ ಎಂದು ಬಿಟ್ಟೆ. ಹಾಕಲಿ, ಹಿಂದಿನ ಕಿಟಕಿಗೆ ಬರದಿದ್ದರೆ ಸಾಕು.

ಮಳೆ ಹಿಡಿಯುವ ಹೊತ್ತಿಗೆ ಎಲೆಯ ಬುಡದಲ್ಲಿ ಸಾಸಿವೆಯಷ್ಟು ಹಸಿರು ಕಾಣಿಸಿತು. ಆಮೇಲೆ ಅದು ಇಲಿಯ ಕಿವಿಯಷ್ಟಾಯಿತು. ಕಾಳಜಿಗಿಂತ ಹಟವೇ ನನಗೆ ಹೆಚ್ಚು. ಬೀದಿಯವರು ಏನೇನು ಮಾಡುತ್ತಾರೋ ಅದನ್ನೆಲ್ಲ ಬಿಟ್ಟೆ. ಅವರು ಮೇಲಿಂದ ಸುರಿದರೆ ನಾನು ಕೆಳಗೊಂದು ತಟ್ಟೆ ಇಟ್ಟು ಅದಕ್ಕೆ ಹಾಕಿದೆ. ಅವರು ಬಾವಿಯ ತಣ್ಣೀರು ತಂದರೆ ನಾನು ಕಾಫಿಗೆ ಕಾಯಿಸಿ ಮಿಕ್ಕ ನೀರು ಉಗುರುಬೆಚ್ಚಗಾದ ಮೇಲೆ ಹಾಕಿದೆ. ಗಿಡ ಬೇಕಾದಷ್ಟು ಹೀರಿಕೊಂಡ ಮೇಲೆ ತಟ್ಟೆಯ ನೀರು ಚೆಲ್ಲಿಬಿಡುತ್ತಿದ್ದೆ. ಮೇಲಿನ ಮಣ್ಣು ಬೆರಳಿಗೆ ಒಣಗಿದಂತೆ ತಾಗುವವರೆಗೆ ಮತ್ತೆ ತಟ್ಟೆ ಮುಟ್ಟುತ್ತಿರಲಿಲ್ಲ. ಅವರು ಒದ್ದೆ ಬಟ್ಟೆಯಲ್ಲಿ ಎಲೆ ಒರೆಸಿದರೆ ನಾನು ಯಜಮಾನರ ಹಳೆಯ ಶೇವಿಂಗ್ ಬ್ರಷ್ಷಿನಿಂದ ಧೂಳು ಕೊಡವಿದೆ.

ಹಾಗೆಂದು ಎಲ್ಲವೂ ಸರಾಗವಾಗಿ ನಡೆಯಲಿಲ್ಲ. ಒಮ್ಮೆ ದಂಟುಗಳೆಲ್ಲ ಉದ್ದವಾಗಿ ಮೇಲಕ್ಕೆ ಚಾಚಿಕೊಂಡವು, ಬೆಳಕು ಸಾಲುತ್ತಿರಲಿಲ್ಲ. ಕಿಟಕಿಯ ಪರದೆ ಕಿತ್ತು ಹಾಕಿದೆ. ಆಮೇಲೆ ಗಿಡ ಬೆಳಕಿನ ಕಡೆಗೇ ವಾಲತೊಡಗಿತು, ದಿನಾ ಕಪ್ಪನ್ನು ಸ್ವಲ್ಪ ಸ್ವಲ್ಪ ತಿರುಗಿಸಿಡುವುದು ಕಲಿತೆ. ಇನ್ನೊಮ್ಮೆ ಎಲೆಯ ಸಂದಿಯಲ್ಲಿ ಹತ್ತಿಯ ಚೂರಿನಂಥ ಬಿಳಿ ಹುಳು ಕಾಣಿಸಿಕೊಂಡಿತು. ಕಸ್ತೂರಿ ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಸೂಜಿಗೆ ದಾರ ಪೋಣಿಸುವ ಅದೇ ಕಣ್ಣಿನಲ್ಲಿ ಒಂದೊಂದನ್ನೂ ಹುಡುಕಿ ತೆಗೆದಳು. ತೆಗೆಯುತ್ತ ಅವುಗಳಿಗೆ ಬೀದಿಯವರ ಹೆಸರಿಡುತ್ತಿದ್ದಳು.

ಶ್ರಾವಣದ ಒಂದು ಶುಕ್ರವಾರ ಇಂದುಮತಿಯಮ್ಮ ನಮ್ಮ ಮನೆ ದಾಟಿ ಹೋಗುತ್ತ, "ಸೊಕ್ಕಿದ ಮನೆ," ಎಂದು ನನಗೆ ಕೇಳುವಂತೆ ಹೇಳಿದರು. ಜಗಳ ಆಡಲೇಬೇಕೆಂದು ಸೆರಗು ಸಿಕ್ಕಿಸಿಕೊಂಡು ಅವರ ಹಿಂದೆ ಬೀದಿ ಹತ್ತಿದೆ. ಅವರು ಪ್ರತಿ ಮನೆಗೂ ನಿಂತು ಸುರಿಯುತ್ತಿದ್ದರು. ಮೇಲೆ ಹೋದಂತೆ ಧಾರೆ ಸಣ್ಣದಾಯಿತು. ಹೊಂಗೆ ಮರದ ಹತ್ತಿರ ಬಂದಾಗ ಬರೀ ಹನಿ. ತಮ್ಮ ಕಿಟಕಿಯ ಮುಂದೆ ಅವರು ಖಾಲಿ ಕೊಡಪಾನವನ್ನು ಗಿಡದ ಮೇಲೆ ಸುಮ್ಮನೆ ಒಮ್ಮೆ ಸುತ್ತಿಸಿ ಕೆಳಗಿಟ್ಟರು. ಅವರ ವಯಲೆಟ್ಟು ಮರದ ನೆರಳಿನಲ್ಲಿ ಒಣ ನೆತ್ತಿ ಹೊತ್ತು, ಗೊಂಚಲು ಗೊಂಚಲಾಗಿ ಅರಳಿ ಕೂತಿತ್ತು. ನಾನು ಜಗಳ ಮರೆತು ನೋಡುತ್ತ ನಿಂತೆ.

"ಎಲ್ಲಾರ್ಗೂ ಕೊಟ್ಟು ಮಿಕ್ಕಿದ್ದು ನಂಗೆ. ಮಿಕ್ಕದಿದ್ರೂ ಬೇಜಾರಿಲ್ಲ," ಎಂದರು ಇಂದುಮತಿಯಮ್ಮ. ತ್ಯಾಗ ಮಾಡಿದ ತೃಪ್ತಿ ಅವರ ಮುಖದಲ್ಲಿತ್ತು.

ಮುಂದಿನ ಶುಕ್ರವಾರ ಅವರು ತುಂಬಿದ ಕೊಡಪಾನ ಹೊತ್ತು ಮನೆಯಿಂದ ಹೊರಡುವಾಗಲೇ ನಾನು ಹೋಗಿ ಎದುರು ನಿಂತೆ. ಬೀದಿಯ ಹೆಂಗಸರೆಲ್ಲ ತಮ್ಮ ತಮ್ಮ ಹೊಸ್ತಿಲಲ್ಲಿದ್ದರು.

"ಅಮ್ಮಾ, ಇಷ್ಟು ವರ್ಷ ನಮಗೆ ಮೊದಲು ಕೊಟ್ಟಿದ್ದೀರಿ. ಇವತ್ತೊಂದಿನ ನಿಮ್ಮ ಗಿಡಕ್ಕೆ ಮೊದಲು ಹಾಕಿ. ಪಾಪ, ಅದಕ್ಕೂ ಹೊಟ್ಟೆ ತುಂಬ ತೀರ್ಥ ಸಿಗಲಿ," ಎಂದೆ.

ಮೇಲಿನ ಮನೆಗಳವರು, "ಹೌದಲ್ವೇ, ಹಾಕಿ ಅಮ್ಮಾ," ಎಂದರು. ಅವರಲ್ಲಿ ಕುಹಕವೇನೂ ಇರಲಿಲ್ಲ. ಇಂದುಮತಿಯಮ್ಮ ಕಿಟಕಿಗೆ ಹೋದರು. ಕೊಡಪಾನ ಎತ್ತಿದರು. ಅದರ ಬಾಯಿ ಹೂವಿನ ಮೇಲೆ ಬಗ್ಗಿತು, ಅಲ್ಲೇ ನಿಂತಿತು. ನಾನು ಕಾದೆ, ಎಲ್ಲರೂ ಕಾದರು. ಒಂದು ಹನಿಯೂ ಬೀಳಲಿಲ್ಲ.

"ಇವತ್ತು ಬೇಡ," ಎಂದು ಕೊಡಪಾನ ಕೆಳಗಿಟ್ಟು ಒಳಗೆ ಹೋದರು.

ಅವರಿಗೆ ಮೊದಲೇ ಗೊತ್ತಿತ್ತೋ, ಆ ಕ್ಷಣದಲ್ಲಿ ಗೊತ್ತಾಯಿತೋ ನನಗೆ ಇವತ್ತಿಗೂ ತಿಳಿಯದು. ತಿಳಿಯುವ ಗೋಜಿಗೂ ಹೋಗಿಲ್ಲ. ಬೀದಿಯವರು ಬಾಗಿಲು ಹಾಕಿಕೊಂಡರು. ಆದರೆ ಆ ಶುಕ್ರವಾರದಿಂದ ತೀರ್ಥಕ್ಕೆ ಕಿಟಕಿ ತೆರೆಯುವವರು ಕಡಿಮೆಯಾದರು. ಒಬ್ಬೊಬ್ಬರೇ ಹಿಂದಿನ ಓಣಿಯಿಂದ ನಮ್ಮ ಅಡಿಗೆಮನೆಗೆ ಬಂದು, ಬೇರೇನೋ ಕೇಳಲು ಬಂದವರಂತೆ ನಿಂತು, ಕಪ್ಪನ್ನು ಡಬ್ಬಿಯನ್ನು ನೋಡಿ ಹೋಗುತ್ತಿದ್ದರು. ಕೇಳಿದವರಿಗೆಲ್ಲ ನಾನು ಹೇಳಿದೆ. ಕಾರ್ತಿಕದ ಹೊತ್ತಿಗೆ ಹಿಂದಿನ ಓಣಿಯಲ್ಲಿ ನಡೆದರೆ ಕಿಟಕಿ ಕಿಟಕಿಯಲ್ಲೂ ಕುಂಡದ ಕೆಳಗೊಂದು ತಟ್ಟೆ ಕಾಣುತ್ತಿತ್ತು.

ನನ್ನ ಗಿಡ ಕಪ್ಪು ತುಂಬಿತು. ದೊಡ್ಡ ಕುಂಡಕ್ಕೆ ಹಾಕೋಣವೇ ಎಂದು ಕಸ್ತೂರಿಯನ್ನು ಕೇಳಿದೆ. "ಸುಮ್ನಿರಿ ಮಾಲಕ್ಕ. ರವಿಕೆ ಮೈಗೆ ಬಿಗಿಯಾಗಿ ಕೂತ್ರೇ ಚಂದ," ಎಂದಳು. ಬಿಟ್ಟೆವು. ಬೇರಿಗೆ ಹಬ್ಬಲು ಜಾಗವಿಲ್ಲದೆ ಗಿಡ ಹೂವಿಗೆ ಮನಸ್ಸು ಮಾಡಿತು. ಶಿವರಾತ್ರಿ ಕಳೆದು ಕೆಲವು ದಿನಕ್ಕೆ ನನ್ನದರಲ್ಲಿ ಮೂರು ನೇರಳೆ ಹೂ ಅರಳಿದವು. ಕಸ್ತೂರಿಯದರಲ್ಲಿ ಒಂದೇ ಒಂದು ಮೊಗ್ಗು, ಅದೂ ತಲೆ ಬಗ್ಗಿಸಿಕೊಂಡಿತ್ತು.

ಸುದ್ದಿ ಹೊಂಗೆ ಮರದವರೆಗೆ ಹೋಯಿತು. ಯುಗಾದಿಯ ದಿನ ಇಂದುಮತಿಯಮ್ಮ ಬೇವು ಬೆಲ್ಲ ಹಿಡಿದು ಬಂದರು. ನಮ್ಮ ಮುಂದಿನ ಕಿಟಕಿಯ ಬರಿಯ ಕುಂಡ ನೋಡಿದರು.

"ಹೂ ಬಂದಿದೆಯಂತೆ. ಮುಂದೆ ಇಡಮ್ಮ. ಬೀದಿಗೆ ಕಾಣದ ಹೂವು ಹೂವಲ್ಲ. ನಾಳೆ ಹೊತ್ತಿಗೆ ಮುಂದೆ ಇರದಿದ್ರೆ ಮನೆ ನೀರಿಗೇ."

"ಮುಂದೆ ಪಡುವಣದ ಬಿಸಿಲು. ಒಂದು ಮಧ್ಯಾಹ್ನಕ್ಕೆ ಎಲೆ ಸುಟ್ಟು ಹೋಗತ್ತೆ. ನಿಮಗೆ ಮರ ಇದೆ, ನಮಗಿಲ್ಲ."

"ಎಲ್ಲಾರೂ ಹಾಗೇ ಇಟ್ಟಿದ್ದು."

"ಎಲ್ಲಾರೂ ಹಾಗೇ ಜಾರಿದ್ದು. ಬೀದಿಗೆ ನೋಡಬೇಕು ಅನ್ನಿಸಿದ್ರೆ ಹಿಂದಕ್ಕೆ ಬಂದು ನೋಡಲಿ!"

ಅವರ ಕಣ್ಣು ಅಡಿಗೆಮನೆಯ ಬಾಗಿಲಿನಿಂದ ತಗಡಿನ ಡಬ್ಬಿಯ ಮೇಲೆ ಬಿತ್ತು. "ಅದು ಯಾರದು?"

"ನಂದು," ಎಂದಳು ಕಸ್ತೂರಿ, ಮಿಷನ್ ನಿಲ್ಲಿಸದೆ.

"ಮನೆ ಇಲ್ಲದವಳಿಗೆ..."

"ಕೈ ಹಾಕಿದ್ರೆ ಚೆನ್ನಾಗಿರಲ್ಲ ಅಮ್ಮಾರೇ," ಎಂದಳು. ಮಿಷನ್ ಈಗ ನಿಂತಿತ್ತು, ಕತ್ತರಿ ಅವಳ ಕೈಯಲ್ಲಿತ್ತು. ಇಂದುಮತಿಯಮ್ಮ ಬೇವು ಬೆಲ್ಲದ ತಟ್ಟೆ ಇಟ್ಟು ಹೊರಟು ಹೋದರು.

ಅವರು ಹೋದ ಮೇಲೆ ನನಗೂ ಹೆದರಿಕೆಯಾಯಿತು. ಬೀದಿ ಮುಂದಿನಿಂದಲೇ ನೋಡುವುದಾದರೆ? ಜಾರುದಿನದಂದೂ ಗಿಡವನ್ನು ಹಿಂದಿನ ಕಿಟಕಿಯಲ್ಲೇ ಬಿಟ್ಟವರು ಇದುವರೆಗೆ ಯಾರೂ ಇರಲಿಲ್ಲ. ನಮ್ಮವರು ಅಡಿಗೆಮನೆಗೆ ಬಂದು ಕಪ್ಪಿನ ಮುಂದೆ ಕೈ ಹಿಂದೆ ಕಟ್ಟಿಕೊಂಡು ನಿಂತರು. ವರ್ಷದಲ್ಲಿ ಮೊದಲ ಸಲ ಅವರು ಅಷ್ಟು ಹತ್ತಿರ ಬಂದದ್ದು.

"ಮುಂದೆ ಇಡೋಣವಾ?" ಎಂದು ನಾನೇ ಕೇಳಿದೆ.

"ಬೇಡ. ಇದಕ್ಕೆ ಇಲ್ಲಿ ಒಗ್ಗಿದೆ."

"ನಿಮಗೆ ಮೊದಲಿಂದ್ಲೂ ಗೊತ್ತಿತ್ತಾ ಇದು ಇಲ್ಲಿರೋದು?"

"ಮೊದಲನೇ ದಿನದಿಂದ ಗೊತ್ತು. ನನ್ನ ಕೈ ಸುಮ್ನಿರಲ್ಲ ಮಾಲಾ. ಅದಕ್ಕೇ ಆ ಬರೀ ಕುಂಡಕ್ಕೆ ಹಾಕ್ತಾ ಇದ್ದೆ. ಇಲ್ದಿದ್ರೆ ಇದನ್ನೂ ಕೊಂದುಬಿಡ್ತಿದ್ದೆ."

ನನಗೆ ಅಳು ಬಂತು. ವರ್ಷವಿಡೀ ತಲೆ ಸರಿಯಿಲ್ಲ ಎಂದುಕೊಂಡಿದ್ದ ಗಂಡ ಈ ಮನುಷ್ಯ. ಅಳುವುದನ್ನು ಅವರಿಗೆ ತೋರಿಸದೆ ಕಾಫಿಗೆ ನೀರಿಟ್ಟೆ.

ಜಾರುದಿನ ಕೊನೆಯ ಮನೆಯವರು ಸಾಮಾನು ಹೊರಗಿಟ್ಟು ರಸ್ತೆಯಲ್ಲಿ ನಿಲ್ಲುವುದು ಪದ್ಧತಿ. ನಾವು ಒಂದು ಚಮಚವನ್ನೂ ಹೊರಗಿಡಲಿಲ್ಲ. ಬೆಳಗಿನ ಬಿಸಿಲು ಅಡಿಗೆಮನೆಯ ಕಿಟಕಿಗೆ ಬಂದಿತ್ತು. ಮೂವರೂ ಅಲ್ಲೇ ನೆಲದ ಮೇಲೆ ಕೂತು ಕಾಫಿ ಕುಡಿದೆವು. ಬೀದಿಯಿಂದ, "ಹೊರಗ್ ಬನ್ರೋ, ಸಾಯ್ತೀರಾ!" ಎಂದು ಯಾರೋ ಕೂಗಿದರು. "ನಾವು ಬರಲ್ಲ!" ಎಂದು ನಾನೂ ಕೂಗಿದೆ. ಕಸ್ತೂರಿ ಲೋಟ ಹಿಡಿದುಕೊಂಡೇ ಎದ್ದು ಡಬ್ಬಿಯನ್ನು ನೋಡಿದಳು.

"ಮಾಲಕ್ಕ, ಬಿಟ್ಟಿದೆ," ಎಂದಳು.

ಮೊಗ್ಗು ಅರಳಿತ್ತು. ಅಷ್ಟರಲ್ಲಿ ನೆಲ ಅದುರಿತು. ಪಾತ್ರೆಗಳು ಗಡಗಡಿಸಿದವು, ಗೋಡೆಯ ಸುಣ್ಣ ಉದುರಿತು. ನಮ್ಮವರು ನನ್ನ ಕೈ ಹಿಡಿದುಕೊಂಡರು. ಮನೆ ಒಮ್ಮೆ ಕ್ವಾರಿಯ ಕಡೆಗೆ ವಾಲಿ, ಬಸುರಿ ಏಳುವ ಹಾಗೆ ನಿಧಾನವಾಗಿ ಮೈಯೆತ್ತಿ, ಮೇಲಕ್ಕೆ ಹೊರಟಿತು. ಹತ್ತುತ್ತಿದೆ ಎಂದು ತಿಳಿದಾಗ ನಾನು ಕಿರುಚಿಯೇಬಿಟ್ಟೆ. ಮೇಲಿನ ಮನೆಗಳೂ ಕದಲುವ ಸದ್ದು ಒಂದರ ಹಿಂದೊಂದು ಕೇಳುತ್ತಿತ್ತು. ಸಾಲಿನಲ್ಲಿ ಹೂವಿಲ್ಲದ ಮನೆಗಳೂ ಇದ್ದವು. ಆದರೆ ಕೆಳಗಿನಿಂದ ನಾವು ತಳ್ಳುತ್ತಿದ್ದಾಗ ಅವಕ್ಕೆ ಇಳಿಯಲು ಜಾಗವೆಲ್ಲಿತ್ತು? ಇಡೀ ಸಾಲು ಒಂದು ಜಾಗ ಮೇಲೆ ಹೋಯಿತು. ಇಂದುಮತಿಯಮ್ಮನವರ ಮನೆಯೂ ತಳ್ಳಿಸಿಕೊಂಡು ಹೊಂಗೆಯ ನೆರಳು ದಾಟಿ ಬಟ್ಟ ಬಯಲಿಗೆ ಹೋಗಿ ನಿಂತಿತು.

ಅದುರುವುದು ನಿಂತಿತು ಎಂದುಕೊಂಡು ನಾವು ಜಗಲಿಗೆ ಬಂದೆವು. ನಿಂತಿರಲಿಲ್ಲ. ಕ್ವಾರಿಯ ನೀರು ಕುದಿಯುತ್ತಿತ್ತು. ಮೊದಲು ಹಂಚು ಕಾಣಿಸಿತು, ಪಾಚಿ ಹೊದ್ದುಕೊಂಡು. ಆಮೇಲೆ ಕಿಟಕಿ, ಅದರೊಳಗಿಂದ ಧೋ ಎಂದು ಸುರಿಯುವ ನೀರು. ಆಮೇಲೆ ಹೊಸ್ತಿಲು. ಕಸ್ತೂರಿಯ ಮನೆ ಒಂದೊಂದೇ ಅಡಿ ದಡ ಹತ್ತಿ ಬಂದು, ನಮ್ಮ ಮನೆ ಬಿಟ್ಟುಕೊಟ್ಟ ಜಾಗದಲ್ಲಿ ನೀರು ತೊಟ್ಟಿಕ್ಕಿಸುತ್ತ ಕೂತುಕೊಂಡಿತು. ಕಪ್ಪೆಗಳು ಬಾಗಿಲಿಂದ ಹಾರಿ ಹೊರಗೆ ಬಂದವು.

ಮುಳುಗಿದ ಮನೆಯವರ ಗಿಡವನ್ನು ನಾವು ತಲೆತಲಾಂತರದಿಂದ ಬಂಡೆಗೆ ಒಡೆಯುತ್ತ ಬಂದಿದ್ದೆವು. ಅವರ ಕೈಯಲ್ಲೇ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಯಾರೂ ನೋಡಿರಲಿಲ್ಲ. ನೀರಿನಲ್ಲಿ ಇನ್ನೂ ಎಷ್ಟು ಮನೆಗಳಿವೆಯೋ. ನಾನು ಮೇಲಕ್ಕೆ ತಿರುಗಿ ನೋಡಿದೆ. ಬಿಸಿಲಿನಲ್ಲಿ ನಿಂತಿದ್ದ ಇಂದುಮತಿಯಮ್ಮ ಕೆಳಗೆ ಬಂಡೆಯ ಬುಡದಲ್ಲಿದ್ದ ಕುಂಡದ ಚೂರುಗಳ ಕಡೆಗೇ ನೋಡುತ್ತಿದ್ದರು.

ಕಸ್ತೂರಿ ತನ್ನ ಮನೆಯ ಬಾಗಿಲಲ್ಲಿ ನಿಂತು ಒಳಗೆ ಇಣುಕಿದಳು. ಅಳುತ್ತಾಳೆ ಎಂದುಕೊಂಡೆ. ಅವಳು ಸೊಂಟಕ್ಕೆ ಕೈ ಕೊಟ್ಟಳು.

"ಥೂ, ಏನು ಗಲೀಜು! ಮಾಲಕ್ಕ, ಪೊರಕೆ ಕೊಡಿ. ಭಾವ, ನೀವು ನೀರು ತರಬೇಡಿ ಮತ್ತೆ, ಇರೋದೇ ಬೇಕಾದಷ್ಟಿದೆ," ಎಂದಳು.

ಪೊರಕೆ ತೆಗೆದುಕೊಂಡು ಹೋಗುವಷ್ಟರಲ್ಲಿ ಅವಳು ಕೆಸರು ತುಳಿದುಕೊಂಡು ಅಡಿಗೆಮನೆಗೆ ಹೋಗಿದ್ದಳು. ನೀರು ಕುಡಿದು ಬಿಗಿದುಕೊಂಡಿದ್ದ ಹಿಂದಿನ ಕಿಟಕಿಯನ್ನು ಭುಜ ಕೊಟ್ಟು ತಳ್ಳಿ ತೆರೆದು, ಸೆರಗಿನ ತುದಿಯಿಂದ ಕಟ್ಟೆ ಒರೆಸಿ, ದಾರದ ಡಬ್ಬಿಯನ್ನು ಅಲ್ಲಿಟ್ಟಳು.

"ತಟ್ಟೆ ಒಂದಿದ್ರೆ ಕೊಡಿ," ಎಂದಳು.